ಬರ್ಫ ಕಳೆದು

ತೂಕ ಇಳಿಸುವ ಆಪರೇಶನ್ ಆದ ಮೇಲೆ ಹಾರವಾಡದ ಜನ ಯಶೋದಾಳನ್ನು ‘ಊಟ ಆಯ್ತಾ’ ಎಂದು ಕೇಳುವುದನ್ನೇ ಬಿಟ್ಟರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಎಷ್ಟ್ ಇಳ್ದೆ?’ ಬಸ್ಸಿಗೆ ಕಾದು ನಿಂತರೆ ಕೇಳಿದರು, ಹಿಟ್ಟಿನ ಗಿರಣಿಗೆ ಹೋದರೆ ಕೇಳಿದರು. ಬೇಲೆಕೇರಿ ಬಂದರಿಗೆ ಅದಿರು ಹೊತ್ತು ಓಡುವ ಲಾರಿಗಳ ಕೆಂಪು ಧೂಳಿಗೆ ಸೆರಗು ಮುಚ್ಚಿಕೊಂಡು ಹೆದ್ದಾರಿ ದಾಟುತ್ತಿದ್ದರೆ ಆಚೆ ಬದಿಯಿಂದ ಕೂಗಿ ಕೇಳಿದರು. ಒಂದು ಸಾವಿನ ಮನೆಯಲ್ಲಂತೂ ಹೆಣದ ತಲೆದೆಸೆಗೆ ಕೂತು ಗೋಳಾಡುತ್ತಿದ್ದ ಹೆಂಗಸೊಬ್ಬಳು ಇವಳನ್ನು ಕಂಡದ್ದೇ ಅಳು ನಿಲ್ಲಿಸಿ, ಮೂಗು ಒರೆಸಿಕೊಂಡು, ಅಡಿಯಿಂದ ಮುಡಿಯವರೆಗೆ ನೋಡಿ ಅದನ್ನೇ ಕೇಳಿದಳು. ಉತ್ತರ ಸಿಕ್ಕ ಮೇಲೆ ಬಿಟ್ಟಲ್ಲಿಂದ ಮತ್ತೆ ಅಳತೊಡಗಿದಳು.

ಹೇಳಿದ ಅಂಕಿ ಕಡಿಮೆಯಾದರೆ ‘ಅಷ್ಟೇನಾ?’ ಹೆಚ್ಚಾದರೆ ‘ಹಾಗೆ ಕಾಣೂದಿಲ್ಲಪ್ಪ.’ ಯಶೋದಾಳ ಮೈಯೆಲ್ಲ ಉರಿಯುತ್ತಿತ್ತು. ಆದರೂ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಳು. ಆ ಅಂಕಿ ಅವರೆಲ್ಲರಿಗಿಂತ ಹೆಚ್ಚಾಗಿ ಅವಳಿಗೇ ಬೇಕಾಗಿತ್ತು.

ಯಾಕೆ ಬೇಕಾಗಿತ್ತು ಎಂದರೆ ಅದು ಹಳೆಯ ಕತೆ. ಹುಟ್ಟಿದಾಗಿನಿಂದ ಯಶೋದಾ ದಪ್ಪ. ದಪ್ಪಗಿದ್ದವಳು ತಿಂದೇ ದಪ್ಪಗಾಗಿರಬೇಕು, ಮನೆಯಲ್ಲಿ ಕಾಣುವಂತೆ ತಿನ್ನುವುದಿಲ್ಲವಾದ್ದರಿಂದ ಕದ್ದೇ ತಿಂದಿರಬೇಕು. ಇದು ಮನೆಯವರ ಲೆಕ್ಕ, ಕೇರಿಯವರ ಲೆಕ್ಕ, ಶಾಲೆಯ ಮಾಸ್ತರರ ಲೆಕ್ಕ. ಚೌತಿಗೆಂದು ಮಾಡಿಟ್ಟ ಚಕ್ಕುಲಿಯ ಡಬ್ಬ ಹಬ್ಬಕ್ಕೆ ಮುಂಚೆಯೇ ಬರಿದಾದ ವರ್ಷ ತಿಂದವನು ಅಣ್ಣ ದೇವಾನಂದ, ಬೆನ್ನ ಮೇಲೆ ಬಾಸುಂಡೆ ಎದ್ದದ್ದು ಇವಳಿಗೆ. ‘ನಾ ತಿಂದದ್ದಲ್ಲ’ ಎಂದು ಅತ್ತರೆ ಅಪ್ಪ ಸಹ ಅವಳ ಹೊಟ್ಟೆಯನ್ನು ನೋಡಿದನೇ ಹೊರತು ಮುಖವನ್ನು ನೋಡಲಿಲ್ಲ. ಅಂದಿನಿಂದ ಅವಳು ಏನು ಹೇಳಿದರೂ ಜನ ಕಿವಿಯಲ್ಲಿ ಕೇಳದೆ ಕಣ್ಣಲ್ಲೇ ತೀರ್ಮಾನ ಮಾಡುತ್ತಿದ್ದರು.

ಅಪ್ಪ ಅವ್ವಿ ಇಬ್ಬರೂ ಹೋದ ಮೇಲೆ ಅವಳು ಅಣ್ಣನ ಮನೆಯಲ್ಲೇ ಉಳಿದಳು. ಮದುವೆ ಆಗಲಿಲ್ಲ. ಊರಿನ ಅಂಗನವಾಡಿಯಲ್ಲಿ ಅಕ್ಕೋರು ಆಗಿದ್ದಳು. ಮೂವತ್ತಾರನೆಯ ವಯಸ್ಸಿಗೆ ಮಂಡಿ ಕೈಕೊಟ್ಟಿತು, ನೆಲದಲ್ಲಿ ಮಕ್ಕಳ ಜೊತೆ ಕೂತರೆ ಏಳಲು ಇಬ್ಬರು ಬೇಕಾಯಿತು. ಸಕ್ಕರೆ ಕಾಯಿಲೆ ಏರಿತು, ನಿದ್ದೆಯಲ್ಲಿ ಉಸಿರು ಕಟ್ಟತೊಡಗಿತು. ಗೋವೆಯ ಮಡಗಾಂವದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊಟ್ಟೆಯನ್ನು ಕತ್ತರಿಸಿ ಚಿಕ್ಕದು ಮಾಡುವ ಆಪರೇಶನ್ ಇದೆಯೆಂದು ತಿಳಿದಾಗ ದೇವಾನಂದನೇ ಮುಂದೆ ಬಿದ್ದು ಮಾಡಿಸಿದ. ಅವನಿಗೆ ಕಾರವಾರದ ಬೈತಖೋಲ ಬಂದರದಲ್ಲಿ ಮೀನಿನ ವ್ಯಾಪಾರ. ಸಣ್ಣ ದೋಣಿಯವರ ಮೀನು ತೂಗಿಸಿ ಕೊಂಡು, ಕೆಡದ ಹಾಗೆ ಬರ್ಫದ ಗಡ್ಡೆಯಲ್ಲಿ ಹಾಕಿ, ಲಾರಿಯಲ್ಲಿ ಗೋವೆಗೆ ಕಳಿಸುತ್ತಿದ್ದ. ‘ತಂಗಿಗೆ ಇಷ್ಟು ಮಾಡೋ ಅಣ್ಣ ಈ ಕಾಲದಲ್ಲಿ ಎಲ್ಲಿದ್ದಾನೆ’ ಎಂದು ಊರೆಲ್ಲ ಹೇಳಿತು. ಯಶೋದಾಳೂ ಹಾಗೇ ಅಂದುಕೊಂಡಿದ್ದಳು.

ಅವಳಿಗೆ ಆಪರೇಶನ್ನಿನ ಹೆದರಿಕೆ ಆಗಲೇ ಇಲ್ಲ. ಡಾಕ್ಟರು, ‘ಇನ್ನು ನಿನ್ನ ಹೊಟ್ಟೆಯಲ್ಲಿ ಒಂದು ಚಹದ ಕಪ್ಪಿನಷ್ಟು ಮಾತ್ರ ಹಿಡಿಯುತ್ತದೆ, ತಿಂಗಳು ತಿಂಗಳು ತೂಗಿ ನೋಡುತ್ತಾ ಹೋಗೋಣ’ ಎಂದಾಗ ಅವಳಿಗೆ ಕೇಳಿಸಿದ್ದು ಬೇರೆಯೇ. ಇನ್ನು ಮೇಲೆ ನಾನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ತೂಕದ ಕಾಟಾ ಹೇಳುತ್ತದೆ. ನನ್ನ ಪರವಾಗಿ ಮಾತಾಡುವವರು ಈ ಲೋಕದಲ್ಲಿ ಕಡೆಗೂ ಒಬ್ಬರು ಸಿಕ್ಕರು.

ಆಸ್ಪತ್ರೆಗೆ ಸೇರಿದ ದಿನ ಅವಳ ತೂಕ ನೂರಾ ನಲವತ್ತೆರಡು ಕಿಲೋ. ಆಪರೇಶನ್ ಆದ ಮೇಲೆ, ತಿಂಗಳಿಗೊಮ್ಮೆ ಮನೆಯಲ್ಲೇ ತೂಗಿ ಫೋನಿನಲ್ಲಿ ಹೇಳಿ ಎಂದು ಅಲ್ಲಿಯ ಪಥ್ಯದ ಮೇಡಮ್ಮು ಮನೆಗೆ ಕಳಿಸಿದ್ದಳು. ಮನೆಯಲ್ಲಿ ಎಂಥದರಲ್ಲಿ ತೂಗುವುದು? ಅಂಕೋಲೆಯ ಅಂಗಡಿಯಿಂದ ತಂದ ನೆಲದ ಕಾಟಾ ನೂರಾ ಇಪ್ಪತ್ತಕ್ಕೆ ಮುಗಿಯುತ್ತಿತ್ತು. ಇವಳು ಹತ್ತಿದ ದಿನವೇ ಒಳಗೆ ಏನೋ ಟಣ್ ಎಂದು ಮುರಿದು ಮುಳ್ಳು ಸತ್ತುಬಿದ್ದಿತು. ಆಗ ದೇವಾನಂದ ಹೇಳಿದ, ‘ನಮ್ಮ ಬಂದರದ ಕಾಟಾ ಅದೆಯಲ್ಲ. ಕ್ವಿಂಟಲ್‌ಗಟ್ಟಲೆ ತೂಗ್ತದೆ. ಆಯ್ತವಾರ ಸಂಜೆ ಯಾರೂ ಇರೂದಿಲ್ಲ, ಬಾ.’

ಹಾಗೆ ತಿಂಗಳಿಗೊಮ್ಮೆ ಭಾನುವಾರ ಸಂಜೆ ಯಶೋದಾ ಅಣ್ಣನ ಬೈಕಿನ ಹಿಂದೆ ಕೂತು ಬೈತಖೋಲಕ್ಕೆ ಹೋಗುತ್ತಿದ್ದಳು. ಶೆಡ್ಡಿನೊಳಗೆ ನೆಲಕ್ಕೆ ಕೂತ ಕಬ್ಬಿಣದ ಹಲಗೆ, ಅದರ ಮೇಲೆ ಎದೆಯೆತ್ತರಕ್ಕೆ ಅಡ್ಡ ದಂಡ. ಹಲಗೆಯ ಮೇಲೆ ಭಾರ ಬಿದ್ದರೆ ದಂಡ ಮೇಲೇಳುತ್ತದೆ. ದಂಡದ ತುದಿಯ ಕೊಕ್ಕೆಯ ತಟ್ಟೆಗೆ ಚಪ್ಪಟೆ ತೂಕದ ಬಟ್ಟು ಹಾಕಿ ದಂಡ ನೆಟ್ಟಗೆ ನಿಲ್ಲುವಂತೆ ಮಾಡಿದರೆ ತೂಕ ಸಿಕ್ಕಿತು. ಅಂಗೈಯಗಲದ ಒಂದು ಬಟ್ಟು ಹಲಗೆಯ ಮೇಲಿನ ಐವತ್ತು ಕಿಲೋಗೆ ಸಮ. ತೂಗುವವನು ದುರ್ಗಪ್ಪ, ಅಣ್ಣನ ಬಳಿ ಬಹಳ ವರ್ಷದಿಂದ ಇದ್ದವನು. ಮೀನು ತೂಗುವಾಗ ಅವನದೊಂದು ರಾಗವೇ ಇತ್ತು: ‘ನಲವತ್ತೊಂದೂ… ಬರ್ಫ ಕಳೆದು ಮೂವತ್ತೊಂಬತ್ತೂ…’ ಬುಟ್ಟಿಯಲ್ಲಿರುವ ಬರ್ಫ ಮತ್ತು ನೀರಿಗೆಂದು ಎರಡು ಕಿಲೋ ಕಳೆಯುವುದು ಬಂದರದ ಪದ್ಧತಿ, ಮಾರುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಯಶೋದಾ ನಿಂತಾಗ ಮಾತ್ರ ದುರ್ಗಪ್ಪ ರಾಗ ಎಳೆಯುತ್ತಿರಲಿಲ್ಲ. ಮರ್ಯಾದೆಗೆ ತಗ್ಗಿದ ದನಿಯಲ್ಲಿ ಅಂಕಿ ಹೇಳುತ್ತಿದ್ದ.

ಮೊದಲ ತಿಂಗಳೇ ನೂರಾ ಇಪ್ಪತ್ತೈದು ಬಂತು. ಒಂದೇ ತಿಂಗಳಿಗೆ ಹದಿನೇಳು ಕಿಲೋ. ಫೋನಿನಲ್ಲಿ ಪಥ್ಯದ ಮೇಡಮ್ಮು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಭೇಷ್ ಎಂದಳು. ದೇವಾನಂದ ಬಂದರದಲ್ಲೆಲ್ಲ ಹೇಳಿಕೊಂಡು ಬಂದ. ಅತ್ತಿಗೆ ಜಯಾ ತನ್ನ ತವರಿಗೆ ಫೋನು ಮಾಡಿ ಹೇಳಿದಳು. ಯಶೋದಾ ಯಾರ ಭೇಷಿಗೂ ಉಬ್ಬಲಿಲ್ಲ, ಆದರೆ ಆ ರಾತ್ರಿ ಎರಡು ಚಮಚ ಬೇಳೆ ಕಟ್ಟು ಕುಡಿದು ಬಟ್ಟಲು ಪಕ್ಕಕ್ಕಿಟ್ಟಾಗ ಯಾರೂ ಅವಳ ಕೈಯನ್ನು ನೋಡುತ್ತಿಲ್ಲ ಎಂಬುದು ಅವಳ ಗಮನಕ್ಕೆ ಬಂತು. ಬದುಕಿನಲ್ಲಿ ಮೊದಲ ಸಲ.

ಆರನೆಯ ತಿಂಗಳ ತಪಾಸಣೆಗೆ ಅಣ್ಣ ತಂಗಿ ರೈಲಿನಲ್ಲಿ ಮಡಗಾಂವಕ್ಕೆ ಹೋದರು. ಹಿಂದಿನ ತಿಂಗಳು ಬಂದರದಲ್ಲಿ ನೂರಾ ಎರಡು ಬಂದಿತ್ತು; ಫೋನಿನಲ್ಲಿ ಹೇಳಿಯೂ ಆಗಿತ್ತು. ಆಸ್ಪತ್ರೆಯ ಕಾಟಾ ಹತ್ತಿದಾಗ ಕೆಂಪು ಅಂಕಿ ಮಿಣುಕಿ ನಿಂತಿತು: ನೂರಾ ಆರು.

ಯಶೋದಾ ಚಪ್ಪಲಿ ಬಿಟ್ಟಿದ್ದೇನೆಯೇ ಎಂದು ಕಾಲು ನೋಡಿಕೊಂಡಳು. ಇಳಿದು ಮತ್ತೆ ಹತ್ತಿದಳು. ನೂರಾ ಆರು.

ಪಥ್ಯದ ಮೇಡಮ್ಮು ಕನ್ನಡಕ ಸರಿಮಾಡಿಕೊಂಡು ಕೊಂಕಣಿಯಲ್ಲಿ ಕೇಳಿದಳು. ‘ಇಳಿಯಬೇಕಾದ ಹೊತ್ತಿನಲ್ಲಿ ನಾಲ್ಕು ಕಿಲೋ ಏರಿದೆ. ನಿಮ್ಮ ಕಾಟಾ ತಪ್ಪಿರಬೇಕು, ಇಲ್ಲ ಊಟ ತಪ್ಪಿರಬೇಕು. ಯಾವುದು?’

ಯಶೋದಾ ಅಣ್ಣನ ಮುಖ ನೋಡಿದಳು. ದೇವಾನಂದ ಗೋಡೆಯ ಮೇಲಿನ ಕ್ಯಾಲೆಂಡರನ್ನು ಸ್ವಲ್ಪ ಹೊತ್ತು ನೋಡಿದ, ಏನೋ ಹಬ್ಬ ಹುಡುಕುವವನ ಹಾಗೆ. ಆಮೇಲೆ ಗಂಟಲು ಸರಿಮಾಡಿಕೊಂಡ.

‘ಕಾಟಾ ತಪ್ಪೂಕೆ ಸಾಧ್ಯ ಇಲ್ಲ ಮೇಡಂ. ಸರ್ಕಾರಿ ಸೀಲಿಂದು. ದಿನಾ ಅದ್ರಲ್ಲೇ ವ್ಯಾಪಾರ ಮಾಡ್ತೆ ನಾನು.’ ಸ್ವಲ್ಪ ತಡೆದು, ದನಿ ತಗ್ಗಿಸಿ, ‘ಸಣ್ಣಿರುವಾಗಿಂದ್ಲೂ ಅವ್ಳಿಗೆ ಆ ಚಾಳಿ ಅದೆ,’ ಎಂದ.

ಯಾವ ಚಾಳಿ ಎಂದು ಮೇಡಮ್ಮು ಕೇಳಲಿಲ್ಲ. ಯಶೋದಾಳ ಹೊಟ್ಟೆಯನ್ನು ಒಮ್ಮೆ ನೋಡಿದಳು, ಅರ್ಥವಾಯಿತು ಎಂಬಂತೆ ತಲೆಯಾಡಿಸಿದಳು. ‘ನಾನು ಏನೂ ತಿಂದಿಲ್ಲ’ ಎಂದು ಯಶೋದಾ ಎದ್ದು ನಿಂತು ಹೇಳಿದಳು. ದನಿ ನಡುಗಿತು. ನಡುಗಿದ್ದು ಸಿಟ್ಟಿಗೆ, ಅವರಿಗೆ ಅದು ತಪ್ಪಿತಸ್ಥಳ ನಡುಕದಂತೆ ಕಂಡಿತು. ಮತ್ತೆ ಮೊದಲಿನಿಂದ ಪಥ್ಯ ಎಂದು ತೀರ್ಪಾಯಿತು. ಮೂರು ವಾರ ಬರೀ ಸೋಸಿದ ಗಂಜಿ ತಿಳಿ, ಬೇಳೆ ಕಟ್ಟು, ಮಜ್ಜಿಗೆ. ಅಗಿಯುವಂಥದು ಏನೂ ಇಲ್ಲ. ಮನೆಯವರು ಕಣ್ಣಿಡಬೇಕು.

ಕಣ್ಣಿಡುವುದೇನು, ಮನೆಯವರು ಬೀಗವನ್ನೇ ಇಟ್ಟರು. ಅಡುಗೆಮನೆಯ ಕಪಾಟಿಗೆ ಜಯಾ ಒಂದು ಹಿತ್ತಾಳೆ ಬೀಗ ಜಡಿದು ಕೀಲಿಯನ್ನು ಮಂಗಳಸೂತ್ರದ ಪಕ್ಕ ಪಿನ್ನಿಗೆ ಸಿಕ್ಕಿಸಿಕೊಂಡಳು. ‘ನಿನ್ನ ಒಳ್ಳೇದಕ್ಕೇ ಮಾರಾಯ್ತಿ,’ ಎಂದಳು. ‘ಅವ್ರು ಎಷ್ಟ್ ಕಷ್ಟಪಟ್ಟು ಮಾಡ್ಸಿದ್ದು. ನೀ ಹೀಗೆ ಮಾಡೂದಾ?’

‘ಎಂತ ಮಾಡಿದ್ದೆ ನಾನು? ನೋಡಿದ್ಯಾ ನೀನು ನಾ ತಿಂದದ್ದು?’

‘ನೋಡ್ಬೇಕಾ? ಮಷಿನ್ನೇ ಹೇಳ್ತು.’

ತನ್ನ ಪರ ಸಾಕ್ಷಿ ಹೇಳಲು ಬಂದದ್ದೇ ತಿರುಗಿ ನಿಂತರೆ ಮನುಷ್ಯರು ಏನು ಮಾಡಬೇಕು? ಮೂರು ವಾರ ಅವಳು ತಿಳಿ ಕುಡಿದಳು. ಬಾಚಿದರೆ ಕೂದಲು ಬಾಚಣಿಗೆಯ ಜೊತೆಗೇ ಬಂತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕಣ್ಣು ಕತ್ತಲೆ ಬಂದು ಒಂದು ಸಲ ಕೂತೇಬಿಟ್ಟಳು. ಜಯಾ ಬಂಗಡೆ ಹುರಿಯುವ ವಾಸನೆ ಬಂದಾಗ ಹಿತ್ತಿಲಿಗೆ ಹೋಗಿ ನಿಂತಳು. ಹಸಿವನ್ನು ತಡೆದುಕೊಳ್ಳಬಹುದಿತ್ತು. ಆದರೆ ಅವಳು ಹಿತ್ತಿಲಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಹಿಂದೆಯೇ ಬಂದು, ಏನೋ ಕೆಲಸವಿದ್ದವರಂತೆ ಸೌದೆ ಎಣಿಸುತ್ತ ನಿಲ್ಲುತ್ತಿದ್ದರಲ್ಲ, ಅದು ಅವಳ ರಕ್ತ ಕುದಿಸಿತು.

ಮೂರು ವಾರ ಕಳೆದ ಭಾನುವಾರ ಸಂಜೆ ದೇವಾನಂದ ಅವಳನ್ನು ಮತ್ತೆ ಬೈತಖೋಲದ ಕಾಟಾದ ಮೇಲೆ ನಿಲ್ಲಿಸಿದ. ದುರ್ಗಪ್ಪ ಬಟ್ಟು ಹಾಕಿ, ತೆಗೆದು, ಸಣ್ಣದು ಹಾಕಿ ಹೇಳಿದ: ‘ತೊಂಬತ್ತೇಳು.’

ದೇವಾನಂದನ ಮುಖ ಅರಳಿತು. ‘ಕಂಡ್ಯಾ? ಆಸ್ಪತ್ರೆಲಿ ನೂರಾ ಆರು. ಕೀಲಿ ಹಾಕಿದ್ದೇ ಹಾಕಿದ್ದು, ಒಂಬತ್ ಕಿಲೋ ಇಳೀತು. ಈಗಾದ್ರೂ ಒಪ್ಕೋ.’

ಮನೆಗೆ ಬಂದವನೇ ಜಯಾಳಿಗೆ ಹೇಳಿದ, ಜಯಾ ಬೇಲಿಯಾಚೆಯವರಿಗೆ ಹೇಳಿದಳು. ಬೀಗದ ಮಹಿಮೆ ಬೆಳಗಾಗುವುದರೊಳಗೆ ಕೇರಿಯೆಲ್ಲ ಹಬ್ಬಿತು.

ಯಶೋದಾ ಚಾಪೆಯ ಮೇಲೆ ಕೂತು ತನ್ನ ರವಿಕೆಯ ಹೊಲಿಗೆ ನೋಡಿದಳು. ಮಡಗಾಂವಕ್ಕೆ ಹಾಕಿಕೊಂಡು ಹೋಗಿದ್ದೂ ಇದೇ ರವಿಕೆ. ಒಂಬತ್ತು ಕಿಲೋ ಇಳಿದಾಗ ರವಿಕೆ ಹೇಗೆ ಜೋಲುತ್ತದೆ ಎಂದು ಅವಳಿಗೆ ಈ ಆರು ತಿಂಗಳಲ್ಲಿ ಚೆನ್ನಾಗಿ ಗೊತ್ತಾಗಿತ್ತು. ಎಷ್ಟು ಸಲ ಬಿಚ್ಚಿ ಹೊಲಿದುಕೊಂಡಿದ್ದಳೋ. ಈಗ ತೋಳಿನ ಹತ್ತಿರ ಒಂದು ಬೆರಳು ಹೋಗುವಷ್ಟು ಸಡಿಲ. ಅಷ್ಟೇ. ಮೂರು ಕಿಲೋ ಇಳಿದಿದ್ದರೆ ಹೆಚ್ಚು. ಹಾಗಾದರೆ ಉಳಿದ ಆರು ಎಲ್ಲಿ ಹೋಯಿತು?

ಮರುದಿನ ಅವಳು ಅಂಕೋಲೆಗೆ ಹೋದಳು. ಬಸ್ ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ಸುತ್ತುವ ತೂಕದ ಮಷಿನ್ನಿಗೆ ನಾಣ್ಯ ಹಾಕಿ ನಿಂತಳು. ಕಾಲೇಜು ಹುಡುಗಿಯರು ಮೊಣಕೈ ತಿವಿದುಕೊಂಡು ನಕ್ಕರು. ‘ನಗ್ರೇ, ಹಲ್ಲು ಗಟ್ಟಿಯಾಗ್ತದೆ,’ ಎಂದಳು ಯಶೋದಾ. ಹೊರಗೆ ಬಿದ್ದ ಚೀಟಿಯ ಒಂದು ಮಗ್ಗುಲಲ್ಲಿ ನಿಮ್ಮ ಶತ್ರುಗಳು ಮಿತ್ರರಾಗುವರು ಎಂದಿತ್ತು, ಇನ್ನೊಂದರಲ್ಲಿ ನೂರಾ ಮೂರು. ಚೀಟಿಯ ಭವಿಷ್ಯದಂತೆ ತೂಕವೂ ಸುಳ್ಳಿರಬಹುದು ಎಂದು ಸೊಸಾಯಿಟಿಗೆ ಹೋದಳು. ರೇಶನ್ನಿಗೆ ನಿಂತ ಸಾಲಿನ ಎದುರೇ ಅಕ್ಕಿ ಮೂಟೆಯನ್ನು ಸರಿಸಿ ಕಾಟಾ ಹತ್ತಿ, ‘ತೂಗಿ,’ ಎಂದಳು. ಅಲ್ಲಿಯವನು ಕಕ್ಕಾಬಿಕ್ಕಿಯಾಗಿ ತೂಗಿದ. ನೂರಾ ಮೂರು. ಗುಜರಿ ಅಂಗಡಿಗೂ ಹೋದಳು. ನೂರಾ ಮೂರು. ಮೂವತ್ತಾರು ವರ್ಷ ಬಚ್ಚಿಟ್ಟುಕೊಂಡು ಬಂದ ಅಂಕಿಯನ್ನು ಒಂದೇ ದಿನ ಅಂಕೋಲೆಯ ಅರ್ಧ ಪೇಟೆ ಕೇಳಿಸಿಕೊಂಡಿತು. ಕೇಳಲಿ ಎಂದಿತು ಅವಳ ಸಿಟ್ಟು.

ಎಲ್ಲ ಕಡೆ ನೂರಾ ಮೂರು, ಅಣ್ಣನ ಶೆಡ್ಡಿನಲ್ಲಿ ಮಾತ್ರ ತೊಂಬತ್ತೇಳು. ಹಿಂದಿರುಗುವ ಬಸ್ಸಿನಲ್ಲಿ ಅವಳಿಗೆ ಥಟ್ಟನೆ ನಗು ಬಂತು. ದುರ್ಗಪ್ಪ! ಅಭ್ಯಾಸಬಲದಿಂದ ಆ ಪುಣ್ಯಾತ್ಮ ತನಗೂ ಬರ್ಫ ಕಳೆದಿದ್ದಾನೆ. ಬುಟ್ಟಿಗೆ ಎರಡಾದರೆ ಇಷ್ಟು ದೊಡ್ಡ ಮನುಷ್ಯಳಿಗೆ ಆರು ಕಳೆದಿರಬೇಕು. ಇಷ್ಟೇ ಸಂಗತಿಗೆ ಮೂರು ವಾರ ಗಂಜಿ ತಿಳಿ ಕುಡಿದೆನಲ್ಲ. ದುರ್ಗಪ್ಪನ ಬಾಯಿಂದಲೇ ಅಣ್ಣನೆದುರು ಹೇಳಿಸಿದರೆ ಬೀಗ ಬಿಡುತ್ತದೆ, ಎಲ್ಲರೂ ನಕ್ಕು ಮುಗಿಸಬಹುದು. ಅಣ್ಣನ ಮೇಲಿನ ಸಿಟ್ಟು ಅರ್ಧ ಇಳಿದೇ ಹೋಯಿತು.

ಮಂಗಳವಾರ ಬೆಳಿಗ್ಗೆ ಅವಳು ಬೈತಖೋಲ ಮುಟ್ಟಿದಾಗ ದೋಣಿಗಳು ಬಂದಾಗಿತ್ತು. ಶೆಡ್ಡಿನ ಮುಂದೆ ಬುಟ್ಟಿಗಳ ಸಾಲು, ನೆಲವೆಲ್ಲ ಬರ್ಫದ ನೀರು, ತಲೆಯ ಮೇಲೆ ಕಾಗೆ ಹದ್ದು. ಸಾಲಿನ ಮುಂದೆ ಹೊನ್ನಕ್ಕ ನಿಂತಿದ್ದಳು. ಯಶೋದಾಳ ಅಪ್ಪನ ಜೊತೆ ಒಂದೇ ದೋಣಿಯಲ್ಲಿ ದುಡಿದವನ ಹೆಂಡತಿ. ಈಗ ಮಗ ಹಿಡಿದದ್ದನ್ನು ಇಲ್ಲಿಗೆ ತಂದು ಹಾಕುತ್ತಿದ್ದಳು. ಇವಳನ್ನು ಕಂಡು, ‘ಯಾರು, ಯಶೋದಾನಾ? ಎಷ್ಟ್ ಇಳ್ದೆ ಮಗಾ?’ ಎಂದಳು. ‘ಅದ್ನೇ ಕೇಳೂಕೆ ಬಂದೆ ಹೊನ್ನಕ್ಕ,’ ಎಂದು ಯಶೋದಾ ಒಳಗೆ ಹೋದಳು.

ದುರ್ಗಪ್ಪ ಕಾಟಾದ ಪಕ್ಕ ಚಹ ಕುಡಿಯುತ್ತಿದ್ದ. ಅವಳು ಬಗ್ಗಿ ಮೆಲ್ಲಗೆ ಕೇಳಿದಳು, ‘ಖರೇ ಹೇಳು ದುರ್ಗಪ್ಪ, ನನ್ನ ತೂಗುವಾಗ ಬರ್ಫ ಕಳೀತ್ಯಾ?’

ಅವನು ಲೋಟ ಕೆಳಗಿಟ್ಟ. ‘ಎಂತ ಅಕ್ಕೋರೆ, ಮನಶ್ಯರಿಗೆ ಬರ್ಫ ಕಳೂಕೆ ನಂಗೇನು ಮರ್ಳಾ? ದಂಡ ಹೇಳಿದ್ದೇ ನಾ ಹೇಳೂದು.’

‘ಹಾಗಾದ್ರೆ ದಂಡ ಯಾಕೆ ಆರು ಕಿಲೋ ಕಮ್ಮಿ ಹೇಳ್ತದೆ?’

ದುರ್ಗಪ್ಪನ ಕಣ್ಣು ಒಂದು ಕ್ಷಣ ದಂಡದ ತುದಿಗೆ ಹೋಗಿ, ಬೆಂಕಿ ಮುಟ್ಟಿದಂತೆ ಹಿಂದೆ ಬಂತು. ಯಶೋದಾ ಅಲ್ಲಿಗೆ ನೋಡಿದಳು. ಬಟ್ಟು ತೂಗುಹಾಕುವ ಕೊಕ್ಕೆಯ ತಟ್ಟೆ. ಅದರ ಅಡಿಗೆ ಕೈಹಾಕಿ ಸವರಿದಳು. ಅಡಿಕೆಯಷ್ಟು ದಪ್ಪದ ಏನೋ ಒಂದು, ಬಲೆಯ ದಾರದಲ್ಲಿ ಬಿಗಿದು, ಮೇಲೆ ಕಪ್ಪು ಬಣ್ಣ ಬಳಿದದ್ದು. ನೋಡಬೇಕಾಗಿರಲಿಲ್ಲ, ಬೆರಳಿಗೇ ಗುರುತು ಸಿಕ್ಕಿತು. ಬಲೆ ಮುಳುಗಲೆಂದು ಅಂಚಿಗೆ ಕಟ್ಟುವ ಸೀಸದ ಗುಂಡು. ಚಿಕ್ಕವಳಿದ್ದಾಗ ಅಪ್ಪನ ಬಲೆಗೆ ಅಂಥವನ್ನು ಸಂಜೆಯೆಲ್ಲ ಕೂತು ಕಟ್ಟಿದ್ದಳು.

ಅಂಗೈಯಗಲದ ಬಟ್ಟು ಐವತ್ತು ಕಿಲೋಗೆ ಸಮವಾದರೆ ಅಡಿಕೆಯಷ್ಟು ಸೀಸ ಆರು ಕಿಲೋಗೆ ಸಮ, ಯಾರ ಲೆಕ್ಕಕ್ಕೂ ಬಾರದ ಬಟ್ಟು. ತಾನು ನಿಂತರೂ ಆರು ಕಡಿಮೆ, ಹೊನ್ನಕ್ಕನ ಬುಟ್ಟಿ ಇಟ್ಟರೂ ಆರು ಕಡಿಮೆ. ಅದರ ಮೇಲೆ ಎಲ್ಲರೆದುರು ಪ್ರಾಮಾಣಿಕವಾಗಿ, ರಾಗವಾಗಿ, ಎರಡು ಕಿಲೋ ಬರ್ಫ ಬೇರೆ.

‘ಸಾವ್ಕಾರ್ರು ಕಟ್ಟಿದ್ದು,’ ಎಂದ ದುರ್ಗಪ್ಪ ನೆಲ ನೋಡುತ್ತ. ‘ಸರ್ಕಾರಿ ಸೀಲಿನವ್ರು ಬರೂ ದಿನ ತೆಗೀತ್ರು. ನಾ ಎಂತ ಮಾಡ್ಲಿ ಅಕ್ಕೋರೆ.’

ಯಶೋದಾಳಿಗೆ ಮಡಗಾಂವದ ಗೋಡೆಯ ಕ್ಯಾಲೆಂಡರು ನೆನಪಾಯಿತು. ಅಣ್ಣ ಅಲ್ಲಿ ಹಬ್ಬ ಹುಡುಕುತ್ತಿರಲಿಲ್ಲ. ಕಾಟಾ ಸುಳ್ಳೋ ತಂಗಿ ಸುಳ್ಳೋ ಎಂದು ಕೇಳಿದಾಗ ಅವನಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದ.

ದೇವಾನಂದ ಶೆಡ್ಡಿನ ಹಿಂಬದಿಯಲ್ಲಿ ಬರ್ಫದ ಲಾದಿಗಳನ್ನು ಇಳಿಸಿಕೊಳ್ಳುತ್ತಿದ್ದ. ಅವಳು ನೇರ ಹೋಗಿ ಎದುರಿಗೆ ನಿಂತಳು. ‘ಅಣ್ಣ, ಕಾಟಾದಡಿಗೆ ಗುಂಡು ಕಟ್ಟಿದ್ದೆ ನೀನು.’

ಅವನು ಅತ್ತಿತ್ತ ನೋಡಿ ಅವಳ ತೋಳು ಹಿಡಿದು ಗೋಡೆಯ ಬದಿಗೆ ಎಳೆದ. ‘ಮೆಲ್ಲ ಮಾತಾಡು. ಬಂದರದಲ್ಲಿ ಎಲ್ರೂ ಮಾಡ್ತ್ರು. ನಾ ಒಬ್ನೇ ಅಲ್ಲ.’

‘ಆಸ್ಪತ್ರೆಲಿ ಗೊತ್ತಿತ್ತು ನಿಂಗೆ.’

‘ಗೊತ್ತಿದ್ರೆ? ಡಾಕ್ಟರ ಎದುರು ನನ್ನ ಕಾಟಾವೇ ಸುಳ್ಳಿಂದು ಹೇಳ್ಬೇಕಿತ್ತಾ? ಅದೇ ರೈಲಲ್ಲಿ ಬಂದರದವ್ರು ಎಷ್ಟ್ ಜನ ಇರ್ತ್ರು, ಮಾತು ಎಲ್ಲಿಗೆ ಮುಟ್ತದೆ, ಗೊತ್ತದೆಯಾ ನಿಂಗೆ?’ ಅವನ ದನಿ ಮೆತ್ತಗಾಯಿತು. ‘ನಿಂಗೆ ಎಂತ ಹಾನಿ ಆಯ್ತು ಈಗ? ಮೂರು ವಾರ ಗಂಜಿ ಕುಡ್ದೆ. ಒಳ್ಳೇದೇ ಆಯ್ತಲ್ಲ, ಇಳ್ದೆ.’

ಯಶೋದಾ ಕಾಟಾ ಇದ್ದ ಮುಂಬದಿಯ ಕಡೆ ತಿರುಗಿದಳು.

‘ಮತ್ತೆ ನಿನ್ನ ಆಪರೇಶನ್ನು ಎಲ್ಲಿಂದ ಆಯ್ತು ತಿಳ್ಕಂಡಿದ್ದೆ?’ ಎಂದ ದೇವಾನಂದ. ‘ಆ ಕಾಟಾದಿಂದ್ಲೇ. ನಿನ್ನ ಹೊಟ್ಟೆಗೇ ಹಾಕಿದ್ದು ನಾನು.’

ಮೂರು ವಾರದ ಹಸಿವು, ಮೂವತ್ತಾರು ವರ್ಷದ ಹಸಿವು, ಎಲ್ಲ ಒಟ್ಟಿಗೆ ಅವಳ ಎದೆಗೆ ಬಂದು ನಿಂತಿತು. ‘ಇವ್ರ ಹೊಟ್ಟೆ ಮೇಲೆ ಹೊಡೆದು ನನ್ನ ಹೊಟ್ಟೆ ಕೊಯ್ಸು ಹೇಳಿ ನಾ ಯಾವಾಗ ಹೇಳಿದ್ದೆ?’ ಎಂದಳು. ‘ಚಕ್ಕುಲಿ ಡಬ್ಬ ಖಾಲಿ ಮಾಡಿದವ ನೀನು. ಹೊಡ್ತ ತಿಂದದ್ದು ನಾನು. ಅವತ್ತು ಸಣ್ಣವ ಇದ್ದೆ, ಹೆದ್ರಿದ್ದೆ ಅಂದ್ಕಂಡೆ. ಇವತ್ತೂ ಅದೇ ಮಾಡ್ದೆಯಲ್ಲೋ.’

ತೋಳು ಕೊಸರಿಕೊಂಡು ಅವಳು ಮುಂಬದಿಗೆ ನಡೆದಳು. ದುರ್ಗಪ್ಪ ಹೊನ್ನಕ್ಕನ ಬುಟ್ಟಿಯನ್ನು ಹಲಗೆಯ ಮೇಲಿಡುತ್ತಿದ್ದ. ಯಶೋದಾ ಅದನ್ನು ಬದಿಗೆ ಸರಿಸಿದಳು. ಚಪ್ಪಲಿ ಬಿಟ್ಟು ತಾನೇ ಹತ್ತಿ ನಿಂತಳು. ಬುಟ್ಟಿಯ ಸಾಲಿನವರು, ದೋಣಿಯವರು, ಬರ್ಫ ಹೊರುವವರು ಎಲ್ಲ ತಿರುಗಿ ನೋಡಿದರು. ಇಷ್ಟು ಕಣ್ಣುಗಳ ನಡುವೆ ನಿಲ್ಲುವುದನ್ನು ತಪ್ಪಿಸಲೆಂದೇ ಅವಳು ಆರು ತಿಂಗಳು ಭಾನುವಾರದ ಸಂಜೆ ಕಾದು ಬಂದಿದ್ದಳು.

‘ಎಲ್ರೂ ಕೇಳ್ತೀರಲ್ಲ, ಎಷ್ಟ್ ಇಳ್ದೆ ಹೇಳಿ,’ ಎಂದಳು. ‘ನಾನು ನೂರಾ ಮೂರು ಕಿಲೋ. ನಿನ್ನೆ ಅಂಕೋಲೆಲಿ ಮೂರು ಕಾಟಾದಲ್ಲಿ ತೂಗಿ ಬಂದೆ. ದುರ್ಗಪ್ಪ, ಈಗ ತೂಗು. ಜೋರಾಗಿ ಹೇಳು.’

ದುರ್ಗಪ್ಪ ಅವಳ ಬೆನ್ನಹಿಂದೆ ಸಾವುಕಾರರನ್ನು ನೋಡಿದ, ಮತ್ತೆ ಇವಳನ್ನು ನೋಡಿದ. ಕೈ ತಂತಾನೇ ಬಟ್ಟು ಹಾಕಿತು. ದಂಡ ನೆಟ್ಟಗಾಯಿತು. ‘ತೊಂಬತ್ತೇಳು,’ ಎಂದ.

ದೇವಾನಂದ ಓಡಿ ಬಂದಿದ್ದ. ನಗಲು ನೋಡಿದ. ‘ಅವ್ಳ ಮಾತು ಎಂತ ಕೇಳ್ತ್ರಿ? ಆಪರೇಶನ್ ಆದ್ಮೇಲೆ ತಲೆ ಸರಿ ಇಲ್ಲ. ಮನೇಲಿ ಕದ್ದು ತಿಂತು, ತೂಕ ಸುಳ್ಳು ಹೇಳ್ತು. ಕಪಾಟಿಗೆ ಕೀಲಿ ಹಾಕಿಟ್ಟಿದ್ದೆವು, ಹಾರವಾಡದಲ್ಲಿ ಯಾರ‍್ನ ಬೇಕಾದ್ರೂ ಕೇಳಿ. ಇಳಿ, ಯಶೋದಾ. ಇಳಿ ಹೇಳ್ದೆ.’

ಸಾಲಿನಲ್ಲಿ ಯಾರೋ ನಕ್ಕರು. ಕೆಲವರ ಕಣ್ಣು ಆಗಲೇ ಅವಳ ಮುಖ ಬಿಟ್ಟು ಕೆಳಗಿಳಿದು ಹೊಟ್ಟೆಯ ಮೇಲೆ ನಿಂತಿತ್ತು. ಆ ನೋಟ ಅವಳಿಗೆ ಹೊಸದಲ್ಲ. ಬೆನ್ನ ಮೇಲೆ ಹಳೆಯ ಬಾಸುಂಡೆಗಳು ಮತ್ತೆ ಎದ್ದಂತೆ ಅನಿಸಿತು. ಒಂದು ಕ್ಷಣ ಅವಳ ಒಂದು ಕಾಲು ಇಳಿಯಲು ಎದ್ದೇಬಿಟ್ಟಿತ್ತು.

ಆ ಕಾಲನ್ನು ಅವಳು ಮತ್ತೆ ಹಲಗೆಯ ಮೇಲೇ ಊರಿದಳು. ಮುಂದೆ ಬಾಗಿ ಕೊಕ್ಕೆಯ ತಟ್ಟೆಯಡಿಗೆ ಕೈಹಾಕಿ ದಾರವನ್ನು ಬಲವಾಗಿ ಜಗ್ಗಿದಳು. ಹರಿಯಲಿಲ್ಲ. ಬೆರಳಿಗೆ ಸುತ್ತಿ ಇನ್ನೊಮ್ಮೆ ಜಗ್ಗಿದಳು. ಬೆರಳು ಕೊಯ್ದು ರಕ್ತ ಬಂತು, ದಾರವೂ ಹರಿಯಿತು. ದಂಡ ಖಟ್ ಎಂದು ಮೇಲಕ್ಕೆ ಹೊಡೆಯಿತು.

‘ಈಗ ತೂಗು,’ ಎಂದಳು.

ದುರ್ಗಪ್ಪ ಬಟ್ಟು ಬದಲಿಸಿದ, ಒಂದೊಂದಾಗಿ ಸಣ್ಣವನ್ನು ಸೇರಿಸಿದ. ದಂಡ ಏರಿ, ಇಳಿದು, ಓಲಾಡಿ, ನೆಟ್ಟಗೆ ನಿಂತಿತು. ಅವನು ಸಾವುಕಾರರ ಕಡೆ ನೋಡಲಿಲ್ಲ. ಮೀನು ತೂಗುವಾಗಿನ ದನಿ ಅವನಿಗೆ ಅರಿವಿಲ್ಲದೆಯೇ ಬಂತು. ರಾಗ ಬಂದರದ ಕಟ್ಟೆಯವರೆಗೂ ಕೇಳಿಸಿತು.

‘ನೂರಾ ಮೂರೂ…’

‘ಬರ್ಫ?’ ಎಂದು ಸಾಲಿನಿಂದ ಯಾರೋ ಕೇಳಿದರು.

‘ಬರ್ಫ ಇಲ್ಲ,’ ಎಂದ ದುರ್ಗಪ್ಪ.

ಯಶೋದಾ ಅಂಗೈ ಬಿಚ್ಚಿ ಸೀಸದ ಗುಂಡನ್ನು ಹೊನ್ನಕ್ಕನ ಮುಂದೆ ಹಿಡಿದಳು. ಹೊನ್ನಕ್ಕ ಅದನ್ನು ಎತ್ತಿಕೊಂಡು, ಉಗುರಿನಿಂದ ಕಪ್ಪು ಬಣ್ಣ ಕೆರೆದು, ಹೊಳೆದ ಸೀಸವನ್ನು ನೋಡಿದಳು. ಎಷ್ಟು ವರ್ಷದ ಬುಟ್ಟಿಗಳು ಅವಳ ಕಣ್ಣಮುಂದೆ ಹಾದುಹೋದವೋ. ಅವಳು ದೇವಾನಂದನ ಕಡೆ ನೋಡಲೂ ಇಲ್ಲ. ಗುಂಡನ್ನು ಪಕ್ಕದವಳ ಕೈಗೆ ಕೊಟ್ಟಳು. ಅವಳು ಇನ್ನೊಬ್ಬಳಿಗೆ ಕೊಟ್ಟಳು. ನಕ್ಕವನ ಕೈಗೂ ಅದು ಹೋಯಿತು, ಅವನ ನಗು ಅಲ್ಲೇ ನಿಂತಿತು.

‘ಇಳಿ ಯಶೋದಾ,’ ಎಂದ ದೇವಾನಂದ. ಈ ಸಲ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. ‘ಇಳಿ, ಮನೆಗೆ ಹೋಗಿ ಮಾತಾಡ್ವ. ತಂಗೀ.’

ಹೊನ್ನಕ್ಕ ಮುಂದೆ ಬಂದು ಯಶೋದಾಳ ಮೊಣಕೈ ಹಿಡಿದಳು. ಹಿಡಿತ ಗಟ್ಟಿಯಿತ್ತು. ಅವಳು ನೋಡಿದ್ದು ಯಶೋದಾಳ ಮುಖವನ್ನು.

‘ಇಳೀಬೇಡ ಮಗಾ ನೀನು,’ ಎಂದಳು. ‘ಅಲ್ಲೇ ನಿಂತಿರು. ಆಚೆ ಕಟ್ಟೆಯವ್ರನ್ನೂ ಕರೀತೆ. ಎಲ್ರೂ ಬಂದು ನೋಡ್ಲಿ.’

ಅವಳು ಸೀರೆ ಎತ್ತಿಕಟ್ಟಿಕೊಂಡು ಕಟ್ಟೆಯ ಕಡೆ ಕೂಗುತ್ತ ನಡೆದಳು. ಜನ ಬರತೊಡಗಿದರು. ಯಶೋದಾ ಇಳಿಯಲಿಲ್ಲ.